ಎರಡರಿಂದ ಮೂರು

ಕಿಮ್ಸ್ ಗೇಟಿನೆದುರು, ಝೆರಾಕ್ಸ್ ಅಂಗಡಿಯ ಮ್ಯಾಲೆ
ಹದಿನೆಂಟು ಮೆಟ್ಟಿಲು. ಬಾಗಿಲಿಗೆ ಚಿಲಕವಿಲ್ಲ.
‘ಒಂಬತ್ತ ವರ್ಷಾತ್ರೀ, ಪ್ರಾರ್ಥನಾ ನಿಂತೇ ಇಲ್ಲ’
ಅಂದಿದ್ದ ಚಾ ಮಾರುವ ಹುಡುಗ.
ಎಂಟು ದಿನಕ್ಕೊಮ್ಮೆ ನೀರು ಬಿಡುವ ಊರಲ್ಲಿ
ನಿಲ್ಲದ್ದೇನಿದೆ, ನೋಡೋಣವೆಂದು ಹತ್ತಿದೆ.

ಒಂದು ಶಿಲುಬೆ, ಒಂದು ಗಡಿಯಾರ,
ತಾಸಿಗೊಂದು ಹೆಸರು ಬರೆದ ರಿಜಿಸ್ಟರು.
ಎರಡರಿಂದ ಮೂರು: ಸುವಾರ್ತಮ್ಮ ಮಾಳಗಿ.
ಸುವಾರ್ತಮ್ಮ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಳು,
ಬಾಯಿ ತುಸು ತೆರೆದು, ಚಾಳೀಸು ಮಡಿಲಿಗೆ ಜಾರಿ.

ಒಂಬತ್ತು ವರ್ಷದ್ದು ನಿಂತಿತ್ತು. ಗೊತ್ತಿದ್ದವಳು ನಾನೊಬ್ಬಳೇ.

ಎಬ್ಬಿಸಲಿಲ್ಲ. ಪಕ್ಕದಲ್ಲಿ ಕೂತೆ.
ಅಲ್ಲಿಗೆ ಒಗ್ಗುವ ಮಾತು ನನಗೆ ಬಾರದು,
ವಾರ್ಡಿನ ಮಂಚ ಎಣಿಸಿದೆ, ಸಣ್ಣ ದನಿಯಲ್ಲಿ.
ಮೂರು: ಕಲಘಟಗಿಯ ಮುದುಕಿ, ಹಾವು ಕಡಿದದ್ದು.
ನಾಲ್ಕು: ಸಂಜೆಯಿಂದ ಖಾಲಿ, ಚಾದರ ಬದಲಿಸಿದ್ದಾರೆ.
ಐದು: ನೀಲವ್ವ, ಸಕ್ಕರೆ ಬ್ಯಾನಿ, ಬಿಸ್ಕೀಟು ಬೇಡುತ್ತಾಳೆ.
ಆರು.
ಆರರಲ್ಲಿ ನನ್ನ ತಂಗಿ.
ಏಳಕ್ಕೆ ಹೋದೆ. ತಿರುಗಿ ಆರಕ್ಕೇ ಬಂದೆ.

ಕಣ್ಣು ಬಿಟ್ಟಳು. ‘ನಾ ಮಲಗಿದ್ನೇನವಾ?’
‘ಇಲ್ರೀ ಅಮ್ಮಾರ.’
ದೇವರ ಮನೆಯಲ್ಲಿ ಮನುಷ್ಯರಿಗೆ ಆಡಿದ ಮೊದಲ ಮಾತು,
ಅದೂ ಸುಳ್ಳು.
ಆಕೆ ಗಡಿಯಾರ ನೋಡಿದಳು, ನನ್ನ ನೋಡಿದಳು,
ತನ್ನ ಹೆಸರಿನ ಕೆಳಗೆ ಬೆರಳಿಟ್ಟು
ಪೆನ್ನು ಕೊಟ್ಟಳು.
ಹೆಸರು ಬರೆಯಲಿಲ್ಲ. ಮಂಚದ ನಂಬರು ಬರೆದೆ.

ಮೂರಕ್ಕೆ ಬಂದವನು ರೇಲ್ವೆ ವರ್ಕ್‌ಶಾಪಿನವನು,
ಉಗುರ ಸಂದಿಯಲ್ಲಿ ಗ್ರೀಸು.
ರಿಜಿಸ್ಟರು ಬಲ್ಬಿಗೆ ಹಿಡಿದು ಕೇಳಿದ:
‘ಇದು ಆರೋ, ಒಂಬತ್ತೋ?’

ಒಂಬತ್ತರಲ್ಲಿ ಯಾರೋ, ನಾ ಕಾಣೆ.
ಚಪ್ಪಲಿ ಹುಡುಕುತ್ತ ಅಂದೆ,
ಎರಡೂ ಇರಲಿ.