ವಾಯವ್ಯ ಮೂಲೆ

ಬೀರು ಸರಿಸಿದಾಗ ಕಂಡಿತು:
ಗೋಡೆಯ ಮೇಲೆ ಮೊಳದಗಲ ಕಪ್ಪು,
ಮುಟ್ಟಿದರೆ ಬೆರಳಿಗೆ ಹತ್ತುವಂಥದು.
ವುಪ್ಪರ್ಟಾಲಿನ ತೂಗುರೈಲು ಕಿಟಕಿಯೆದುರು ಹಾದಾಗಲೆಲ್ಲ
ಗಾಜು ನಡುಗುತ್ತಿತ್ತು. ಬೂಷ್ಟು ಕದಲಲಿಲ್ಲ.

ಮಾಲೀಕ ಹೆರ್ ಟಿಗ್ಗೆಸ್ ಬಂದ, ಬೂಟು ಬಿಚ್ಚದೆ.
ಮೂಸಿದ. "ನೀವು ಬಹಳ ಬೇಯಿಸ್ತೀರಿ.
ನಿಮ್ಮ ಕಡೆ ಕಿಟಕಿ ತೆರೆಯುವ ರೂಢಿ ಇಲ್ಲವೇನೋ."
ನಮ್ಮ ಕಡೆ, ಕೆರೆನ್ ಊರಲ್ಲಿ,
ಯಾರಾದರೂ ಕಿಟಕಿ ಮುಚ್ಚಿದರೆ ಅದೇ ಸುದ್ದಿ
ಅಂತ ಹೇಳಬೇಕಿತ್ತು.
ಸರಿಯಾದ ಜರ್ಮನ್ ಪದ ನಾಲಗೆಗೆ ಬರುವಷ್ಟರಲ್ಲಿ
ಮೆಟ್ಟಿಲಿಳಿದುಬಿಟ್ಟಿದ್ದ.

ಒಂಬತ್ತು ಯೂರೋ ಕೊಟ್ಟು ತೇವ ಅಳೆಯುವ ಯಂತ್ರ ತಂದೆ,
ಮೊಳೆ ಹೊಡೆದು ನೇತುಹಾಕಿದೆ.
ಬೇಕರಿಯ ರಾತ್ರಿಪಾಳಿಗೆ ಹೊರಡುವಾಗ ಒಮ್ಮೆ,
ಬಂದು ಒಮ್ಮೆ, ವಹಿಯಲ್ಲಿ ಬರೆದೆ:
ಎಪ್ಪತ್ತೊಂದು. ಕಿಟಕಿ ತೆರೆದಿದೆ.
ಅರವತ್ತೊಂಬತ್ತು. ಕಿಟಕಿ ತೆರೆದಿದೆ, ಕೈ ಸೆಟೆದಿದೆ.
ಎಪ್ಪತ್ತೆರಡು. ಅಡುಗೆ ಇಲ್ಲ, ಬರೀ ಬ್ರೆಡ್ಡು.

ಮನೆ ಬಿಟ್ಟ ಮೇಲೆ ಕಾಗದ ಬಂತು:
ಮುಂಗಡ ಸಾವಿರದ ನೂರ ನಲವತ್ತು,
ಗೋಡೆ ರಿಪೇರಿಗೆ ವಜಾ, ಬಾಕಿ ಸೊನ್ನೆ.
ವಂದನೆಗಳೊಂದಿಗೆ.

ಕೆಳಮನೆಯ ಫ್ರೌ ಶ್ಲೂಟರ್,
ಮೂರು ವರ್ಷ ನಮಸ್ಕಾರ ದಾಟಿ ಮಾತಾಡದವರು,
ಬಿಸ್ಕತ್ತಿನ ಡಬ್ಬಿಯಿಂದ ಒಂದು ಫೋಟೊ ತೆಗೆದರು.
ತೊಂಬತ್ತೆಂಟರ ಮೇ ತಿಂಗಳು. ನನ್ನದೇ ಕೋಣೆ.
ಆಗಿದ್ದ ಪೋರ್ಚುಗೀಸರ ಮಗು, ಬಾಯಿತುಂಬ ಕೇಕು,
ಹಿಂದೆ ಅದೇ ಮೂಲೆ, ಅದೇ ಕಪ್ಪು.
ಬಲೂನು ಕಟ್ಟಿ ಮುಚ್ಚಲು ನೋಡಿದ್ದಾರೆ, ಸಾಲಲಿಲ್ಲ.
"ಪ್ರತಿ ಸಲ ಬಣ್ಣ ಬಳಿಸ್ತಾನೆ," ಎಂದರು,
"ಹೊಸಬರು ಬರುವ ಹಿಂದಿನ ವಾರ.
ನಾನು ಬಾಯಿ ಬಿಡಲಿಲ್ಲ.
ನನ್ನ ಮನೆಯೂ ಅವನದೇ ಅಲ್ಲವೇ."

ಬಾಡಿಗೆದಾರರ ಸಂಘದ ವಕೀಲೆ, ನೆಗಡಿ ಹಿಡಿದವಳು,
ವಹಿ ತಿರುವಿದಳು, ಸೀನಿದಳು, ಫೋಟೊ ನೋಡಿದಳು,
ಆಮೇಲೆ ಪೆನ್ನಿನ ಮುಚ್ಚಳ ತೆಗೆದಳು.
ಒಂದೇ ಪುಟ. ಕೊನೆಗೊಂದು ತಾರೀಕು.

ಅದಕ್ಕೆ ಎರಡು ದಿನ ಮೊದಲೇ ಹಣ ಬಂತು,
ಮೂವತ್ತೆಂಟು ಯೂರೋ ಮುರಿದುಕೊಂಡು:
ಗೋಡೆಯಲ್ಲಿ ತೂತು, ಒಂದು.
"ಇದಕ್ಕೂ ಬರೆಯೋಣವೇ?"
ಬೇಡ ಅಂದೆ.
ಒಂಬತ್ತರ ಯಂತ್ರಕ್ಕೆ ಮೂವತ್ತೆಂಟರ ಮೊಳೆ,
ಮೂಗಿಗಿಂತ ಮೂಗುತಿ ಭಾರ. ಇರಲಿ,
ಆ ಗೋಡೆಗೆ ನಾನು ನಿಜಕ್ಕೂ ಮಾಡಿದ್ದು ಅದೊಂದೇ.

ಶನಿವಾರ ಫ್ರೌ ಶ್ಲೂಟರ್ ಫೋನು:
ಮೇಲೆ ಬಣ್ಣದ ವಾಸನೆ, ಏಣಿ ಎಳೆಯುವ ಸದ್ದು.
ನನ್ನ ವಹಿ ಡಬ್ಬಿಯಲ್ಲಿದೆಯಾ ಕೇಳಿದೆ.
ಇದೆ, ಅಂದರು. ಫೋಟೊದ ಕೆಳಗೆ.