ನಾಲ್ಕು ಮೂಟೆ ನೀರು

ಬೀರಾನ್ ಕಾಕ ಹೋಟೆಲು ಮುಚ್ಚಿದ ದಿನ
ಗಲ್ಲಾದ ಪಕ್ಕದ ಗಾಜಿನ ತೊಟ್ಟಿ ನನಗೆ ಕೊಟ್ಟರು,
ಮಗಳ ಮದುವೆಯ ಹೊಲಿಗೆ ಬಾಕಿಗೆ ವಜಾ.
ತೊಟ್ಟಿ ಬಂತು, ಎರಡು ಮೀನು ಬಂದವು,
ಪ್ಲಾಸ್ಟಿಕ್ ಹೊದ್ದ ತಿಂಡಿಯ ದರಪಟ್ಟಿಯೂ ಯಾಕೋ ಜೊತೆಗೆ ಬಂತು.
ಕಾಲು ಮಾತ್ರ ಬರಲಿಲ್ಲ.
ಅಲ್ಲಿ ಅದು ಸಿಮೆಂಟು ಕಟ್ಟೆಯ ಮೇಲಿತ್ತು.

ಮೂರಡಿ ಉದ್ದ, ಒಂದೂವರೆ ಅಗಲ, ಒಂದೂವರೆ ಎತ್ತರ.
ಚಾತ್ತು ಮೇಸ್ತ್ರಿ ಕಿವಿಯ ಪೆನ್ಸಿಲು ತೆಗೆದು
ನನ್ನ ಅಂಗಡಿಯ ಗೋಡೆ ಮೇಲೇ ಗುಣಿಸಿದ:
"ಇನ್ನೂರು ಕೆಜಿ. ನಾಲ್ಕು ಮೂಟೆ ಕಾಫಿ ಅನ್ನು.
ನಿನ್ನ ಇಸ್ತ್ರಿ ಮೇಜು ತಡೆಯಲ್ಲ, ಕುಸುಮಾ."
ಮಾಡಿಕೊಡು ಅಂದರೆ ಬಂಗಲೆಯ ಕಿಟಕಿ ಕೆಲಸ,
ವಿಷು ಕಳೆದು ನೋಡುವ ಅಂದ.
ಬಕೆಟ್ಟಿನಲ್ಲಿ ಸುತ್ತುವ ಮೀನಿಗೆ ವಿಷುವಿನ ಲೆಕ್ಕವಿಲ್ಲ.

ಮಾದಾಪುರ ರಸ್ತೆಯ ಸಾಮಿಲ್ಲಿನಲ್ಲಿ
ಗಾಳಿಗೆ ಬಿದ್ದು ವರ್ಷ ಒಣಗಿದ ಸಿಲ್ವರ್ ಓಕು ಸಿಕ್ಕಿತು.
ಮೇಲ್ಹಲಗೆಗೆ ಹಲಸು, ಯಾರದೋ ಮಂಚದ್ದು,
ಹೆರೆದರೆ ಒಳಗೆ ಹಳದಿ.

ಇಪ್ಪತ್ತೆರಡು ವರ್ಷ ಬಟ್ಟೆ ಕತ್ತರಿಸಿದ ಕೈ ಇದು.
ಅಳೆದ ಮೇಲೆ ಅರ್ಧ ಇಂಚು ಒಳಗೆ ಬಿಡುವುದು
ಯೋಚಿಸದೆ ಬರುತ್ತದೆ:
ಮೈ ತುಂಬಿದರೆ ಬಿಚ್ಚಲಿಕ್ಕೆ,
ಮುಂದಿನ ವರ್ಷದ ಶಾಲೆಗೆ, ಅಕ್ಕನದು ತಂಗಿಗೆ.
ಮರಕ್ಕೂ ಬಿಟ್ಟೆ.
ಮೂರು ಕಾಲಿಗೆ ಬಿಟ್ಟೆ, ಒಂದಕ್ಕೆ ಮರೆತೆ.
ಮರಕ್ಕೆ ಒಳಮಡಿಕೆ ಇಲ್ಲ,
ಬಿಚ್ಚಿ ಉದ್ದ ಮಾಡುವ ಹಾಗಿಲ್ಲ,
ಮೂರನ್ನೂ ಗಿಡ್ಡ ಮಾಡಬೇಕು.
ಮಾಡಿದೆ. ಗರಗಸ ತನ್ನ ಪಾಲು ತಿಂದಿತು.
ಈಗ ನಾಲ್ಕನೆಯದೇ ಉದ್ದ.

ಗೂಟ ಕೊರೆದು ಕೂಡಿಸುವ ವಿದ್ಯೆ ನನಗೆ ಬಾರದು.
ಅಂಟು ಹಚ್ಚಿ, ಎರಡಿಂಚಿನ ಸ್ಕ್ರೂ ತಿರುಗಿಸಿ
ಮೂಲೆಮೂಲೆಗೆ ಅಡ್ಡಪಟ್ಟಿ ಕೊಟ್ಟೆ,
ಕಾಲರಿಗೆ ಕ್ಯಾನ್ವಾಸು ಕೊಟ್ಟ ಹಾಗೆ.
ಓಲಾಟ ನಿಂತಿತು. ಬೆರಳಿಗೆ ಸೂಜಿಯಲ್ಲದ ಗಾಯ.

ಉಜ್ಜುಕಾಗದ ಎಂಬತ್ತು, ನೂರಿಪ್ಪತ್ತು, ಇನ್ನೂರಿಪ್ಪತ್ತು.
ಕೊನೆಗೆ ಹಲಗೆ ಕೈಗೆ
ಎರಡು ಸಲ ಒಗೆದ ಪಾಪ್ಲಿನ್ನಿನ ಹಾಗೆ ಬಂತು.
ವಾರ್ನಿಷು ಮೊದಲ ಕೋಟು ಗುರುವಾರ.
ಎರಡನೆಯದರ ಹೊತ್ತಿಗೆ ಹೂಮಳೆ ಬಿದ್ದು ಎಂಟು ದಿನ,
ಸುಂಟಿಕೊಪ್ಪದ ಸುತ್ತ ತೋಟವೆಲ್ಲ ಒಮ್ಮೆಗೇ ಬಿಳಿ.
ಆ ವಾಸನೆಗೆ ತಲೆಕೆಟ್ಟ ಜೇನೊಂದು
ಒಳಗೆ ಬಂದು ಎಡ ಮುಂಗಾಲಿನ ಮೇಲೆ ಕೂತಿತು, ಏಳಲಿಲ್ಲ.
ಕಡ್ಡಿಯಲ್ಲಿ ಬಿಡಿಸಿದೆ. ಜೇನು ಬಂತು,
ಒಂದು ರೆಕ್ಕೆ ಉಳಿಯಿತು.
ಉಜ್ಜಿ ತೆಗೆಯಬಹುದಿತ್ತು.
ಮೂರನೆಯ ಕೋಟು ಅದರ ಮೇಲೇ ಎಳೆದೆ.

ನೀರಿಗೆ ಮೊದಲು ಮನುಷ್ಯರನ್ನು ಹೇರಿದೆ.
ಚಾತ್ತು ಮೇಸ್ತ್ರಿ, ಮೊಬೈಲ್ ಅಂಗಡಿಯ ಸಜೀಶ,
ಬ್ಲೌಸು ಒಯ್ಯಲು ಬಂದ ಚೋಂದಮ್ಮ ಟೀಚರು,
ಬೆನ್ನಿಗೆ ಬೆನ್ನು ಕೊಟ್ಟು ಹಲಗೆಯ ಮೇಲೆ.
ಟೀಚರು ತೂಕ ಹೇಳಲೊಪ್ಪಲಿಲ್ಲ.
ಅಳತೆ ನನ್ನ ಪುಸ್ತಕದಲ್ಲಿದೆ, ಕೂಡಿಕೊಂಡೆ.
ಕಿರ್ ಅನ್ನಲಿಲ್ಲ ಮರ.
ಮೇಸ್ತ್ರಿ ಇಳಿದು, ಬಗ್ಗಿ, ಸ್ಕ್ರೂಗಳನ್ನು ನೋಡಿ
"ಬೆಂಚಾದರೂ ಆಯಿತು" ಅಂದ. ಅವನ ಬಾಯಲ್ಲಿ ಅಷ್ಟೇ ಬಹಳ.

ಹನ್ನೆರಡು ಕೊಡ ನೀರು.
ಬಲಗಡೆ ಗಾಜಿನ ಅಂಚಿಗೆ ಎರಡು ಬೆರಳು ಬಿಡುವು,
ಎಡಗಡೆ ಒಂದೂವರೆ.
ಕಾಲು ಸರಿ ಇತ್ತು. ಅಂಗಡಿಯ ನೆಲವೇ ರಸ್ತೆಗೆ ವಾಲಿದೆ,
ಇಷ್ಟು ವರ್ಷ ನನಗಾಗಲಿ ಮೆಷಿನ್ನಿಗಾಗಲಿ ಗೊತ್ತಾಗಲಿಲ್ಲ.
ಹನ್ನೆರಡು ಕೊಡ ಹೊರಗೆ.
ದರಪಟ್ಟಿ ಕತ್ತರಿಸಿ, ಮಡಿಸಿ
ಎಡಗಾಲುಗಳ ಅಡಿಗೆ ತುರುಕಿದೆ.
ಹನ್ನೆರಡು ಕೊಡ ಒಳಗೆ.

ಮೀನು ಬಿಟ್ಟ ಮೇಲೆ ಪೆಡಲು ಒತ್ತಿದೆ.
ನೀರಿನ ಮೈ ಸಣ್ಣಗೆ ಜುಮ್ಮೆಂದಿತು,
ಮೀನೊಂದು ಮೆಷಿನ್ನಿನ ಕಡೆ ತಿರುಗಿ ನಿಂತಿತು.

ಭಾನುವಾರ ಬೀರಾನ್ ಕಾಕ ಬಂದರು.
ಮೀನು ನೋಡಿದರು, ರೆಕ್ಕೆ ಅವರಿಗೆ ಕಾಣಲಿಲ್ಲ.
ಮಂಡಿಗೆ ಕೈಯೂರಿ ಕೂತು
ಕಾಲಡಿಯಿಂದ ಇಣುಕಿದ ಚೂರನ್ನು ಓದಿದರು:
ಪುಟ್ಟು, ಕಡಲೆ, ಮೂವತ್ತು.
"ಪುಟ್ಟು ಇದೆ," ಅಂದರು, ಹಳೆಯ ದನಿಯಲ್ಲೇ,
"ಕಡಲೆ ಮುಗಿಯಿತು."