ಹದಿನಾರು

ಬಿಲಾಕ್ಸಿ. ಮಂಗಳವಾರ, ಬೆಳಗಿನ ಜಾವ ಮೂರು.
ನನ್ನ ಮೇಜಿಗೆ ಒಬ್ಬನೇ ಗಿರಾಕಿ, ಓಡೆಲ್.
ಹಡಗುಕಟ್ಟೆಯಲ್ಲಿ ಬೆಸುಗೆ ಹಾಕಿ ಹಾಕಿ ನಿವೃತ್ತನಾದವನು,
ಈ ಆಟಕ್ಕೆ ಇವತ್ತೇ ಮೊದಲು.

ಎಲೆ ಮುಟ್ಟಬೇಡಿ, ಅಂದೆ. ಬೆರಳಿಂದ ಬಟ್ಟೆ ತಟ್ಟಿದರೆ ಇನ್ನೊಂದು,
ಅಂಗೈ ಬೀಸಿದರೆ ಸಾಕು ಅಂತ.
ಮೇಲೆ ಕ್ಯಾಮೆರಾ ಇದೆ, ಅದಕ್ಕೆ ಕಿವಿಯಿಲ್ಲ.
ನನ್ನೆದುರು ಆರು ಬಿದ್ದಾಗ
ನಿಮ್ಮದು ಬರೀ ಹನ್ನೆರಡಾದರೂ ಸುಮ್ಮನಿರಿ,
ಮುಗ್ಗರಿಸುವ ಸರದಿ ನನ್ನದಿರಲಿ.
ವಿಮೆ ಬೇಕೇ ಎಂದು ಕೇಳುತ್ತೇನೆ, ಕೇಳಲೇಬೇಕು.
ಬೇಡ ಅನ್ನಿ.

ಎರಡು ಎಂಟು ಬಂದವು ಅವನಿಗೆ. ನನ್ನದು ಹತ್ತು.
ಒಟ್ಟಿಗಿದ್ದರೆ ಹದಿನಾರು, ಇದರಷ್ಟು ಕೆಟ್ಟ ಕೈ ಇನ್ನಿಲ್ಲ,
ಬೇರೆ ಮಾಡಿ, ಅಂದೆ.
ಜೂನ್‌ನಲ್ಲಿ ವಕೀಲನೂ ಇದನ್ನೇ ಅಂದ, ಎಂದು ನಕ್ಕು
ಇನ್ನೊಂದು ಬಿಲ್ಲೆ ಪಕ್ಕಕ್ಕೆ ಸರಿಸಿದ.

ಒಂದೆಂಟಕ್ಕೆ ರಾಜ ಬಂದ.
ಇನ್ನೊಂದಕ್ಕೆ ಏಳು; ತಟ್ಟಿದ; ಒಂಬತ್ತು. ಹೋಯಿತು.
ನನ್ನ ಮುಚ್ಚಿದ ಎಲೆ ಏಳು.
ಒಂದು ಗೆದ್ದ, ಒಂದು ಸೋತ.

ಹಾಗಾದರೆ ಈ ಲೆಕ್ಕ ಗೆಲ್ಲಿಸುತ್ತದಾ?
ಇಲ್ಲ. ನಿಧಾನವಾಗಿ ಸೋಲಿಸುತ್ತದೆ.

ಸೀಗಡಿ ದೋಣಿಯಲ್ಲಿ ಬಲೆ ಹೊಲಿಯುತ್ತಾ
ಅಪ್ಪ ನಮ್ಮ ಭಾಷೆಯಲ್ಲಿ ಹೇಳುತ್ತಿದ್ದ:
ತೂತು ಮುಚ್ಚೋದಿಲ್ಲ ತುಯೆತ್,
ಚಿಕ್ಕದಾಗುತ್ತೆ, ಅಷ್ಟೆ.
ಇದನ್ನು ಓಡೆಲ್‌ಗೆ ಹೇಳಲಿಲ್ಲ.

ನಾಲ್ಕಕ್ಕೆ ಪಾಳಿ ಮುಗಿಯಿತು.
ನಿಯಮದಂತೆ ಕೈ ಚಪ್ಪಾಳೆ ತಟ್ಟಿ
ಅಂಗೈ ಮಗುಚಿ ಕ್ಯಾಮೆರಾಗೆ ತೋರಿಸಿದೆ: ಏನೂ ಇಲ್ಲ.
ಏನೆನಿಸಿತೋ, ಅವನೂ ತಟ್ಟಿದ,
ಕಿಡಿ ಸುಟ್ಟ ಕಲೆಗಳ ಎರಡು ಅಂಗೈ
ಮೇಲಕ್ಕೆತ್ತಿ ಹಿಡಿದ,
ನಾನು ಹೋಗುವವರೆಗೂ.